ಕಂಬಿಯೊಳಗಿನ ಖಾಲಿ ಜಾಗ

1972ರಲ್ಲಿ ನ್ಯೂಯಾರ್ಕಿನ ಗ್ರೀನಿಚ್ ವಿಲೇಜ್ ಬಡಾವಣೆಯಲ್ಲಿ ಒಂದು ಸೈಕಲ್ಲನ್ನು ಕಂಬಕ್ಕೆ ಬಿಗಿದು ಮೂವತ್ತು ದಿನ ಹಾಗೇ ಬಿಟ್ಟರು. ಬಿಗಿದದ್ದು ಸರಪಳಿಯಿಂದಲ್ಲ, ಇಂಗ್ಲಿಷಿನ ಯು ಅಕ್ಷರದ ಹಾಗೆ ಬಗ್ಗಿಸಿದ ಉಕ್ಕಿನ ಕಂಬಿ ಮತ್ತು ಅದರ ಬಾಯಿಗೆ ಅಡ್ಡಲಾಗಿ ಕೂರುವ ಪಟ್ಟಿಯಿಂದ. ಬಾಸ್ಟನ್ ಕಡೆಯ ಮೈಕೆಲ್ ಝೇನ್ ಎಂಬಾತ ಆಗಷ್ಟೇ ಶುರು ಮಾಡಿದ್ದ ಕ್ರಿಪ್ಟೊನೈಟ್ ಕಂಪನಿಯ ಬೀಗ ಅದು. ಸೈಕಲ್ ಕಳ್ಳತನಕ್ಕೆ ಹೆಸರಾದ ಊರಿನಲ್ಲಿ ತನ್ನ ಸರಕನ್ನು ಎಲ್ಲರ ಕಣ್ಣೆದುರೇ ಪರೀಕ್ಷೆಗೆ ಒಡ್ಡಿದ್ದ. ತಿಂಗಳು ಕಳೆಯುವಷ್ಟರಲ್ಲಿ ಆ ಸೈಕಲ್ಲಿನಿಂದ ಬಿಚ್ಚಲು ಬರುವುದನ್ನೆಲ್ಲ ಯಾರ‍್ಯಾರೋ ಬಿಚ್ಚಿಕೊಂಡು ಹೋಗಿದ್ದರು. ಬೀಗದ ಹಿಡಿತದಲ್ಲಿದ್ದ ಫ್ರೇಮು ಮಾತ್ರ ಕಂಬವನ್ನು ಬಿಟ್ಟು ಕದಲಿರಲಿಲ್ಲ.

ಆ ಬೀಗ ನಿಂತದ್ದು ಹೇಗೆ ಎಂದು ಕೇಳಿದರೆ ‘ದಪ್ಪವಿತ್ತು, ಗಟ್ಟಿಯಿತ್ತು’ ಎಂಬ ಉತ್ತರ ಥಟ್ಟನೆ ಬರುತ್ತದೆ. ತಪ್ಪಿಲ್ಲ, ಆದರೆ ಅದು ಅರ್ಧ ಉತ್ತರ. ಬೀಗ ಕೊಳ್ಳಲು ಹೋದವರು ಕಂಬಿಯನ್ನು ನೋಡುತ್ತಾರೆ, ಬೆರಳಲ್ಲಿ ದಪ್ಪ ಅಳೆಯುತ್ತಾರೆ, ಕೈಯಲ್ಲಿ ತೂಗಿ ನೋಡುತ್ತಾರೆ. ಕಂಬಿ ಸುತ್ತುವರಿದಿರುವ ಖಾಲಿ ಜಾಗವನ್ನು ಯಾರೂ ಅಳೆಯುವುದಿಲ್ಲ. ಬೀಗದ ತೂಕ, ಬಲ, ಹೊರುವ ಕಷ್ಟ ಈ ಮೂರನ್ನೂ ಆ ಖಾಲಿ ಜಾಗವೇ ನಿರ್ಧರಿಸುತ್ತದೆ ಎಂಬುದು ನನ್ನ ವಾದ.

ಮೊದಲು ದಪ್ಪದ ವಿಷಯ. ಕಳ್ಳನ ಹಳೆಯ ಆಯುಧ ಬೋಲ್ಟ್ ಕಟರ್. ಉದ್ದ ಹಿಡಿಗಳ, ಗಿಡ್ಡ ಹಲ್ಲುಗಳ ಈ ಕತ್ತರಿಯಲ್ಲಿ ಒಂದರ ಹಿಂದೊಂದು ಎರಡು ಸನ್ನೆಗಳು ಕೆಲಸ ಮಾಡುತ್ತವೆ. ಕೈ ಹಾಕಿದ ಬಲ ಹಲ್ಲಿನ ತುದಿಗೆ ಬರುವಷ್ಟರಲ್ಲಿ ಹತ್ತಾರು ಪಟ್ಟಾಗಿರುತ್ತದೆ. ಒಂದು ಹಿಡಿಯನ್ನು ನೆಲಕ್ಕೆ ಒತ್ತಿ, ಇನ್ನೊಂದರ ಮೇಲೆ ಮೈಭಾರವನ್ನೆಲ್ಲ ಬಿಟ್ಟರೆ ಹಲ್ಲುಗಳ ನಡುವೆ ಟನ್‌ಗಟ್ಟಲೆ ಒತ್ತಡ ಹುಟ್ಟುತ್ತದೆ. (ಬೀಗವನ್ನು ನೆಲಕ್ಕೆ ತಾಗದಂತೆ ಎತ್ತರದಲ್ಲಿ ಹಾಕಿ ಎಂದು ಬಲ್ಲವರು ಹೇಳುವುದು ಇದಕ್ಕೇ. ಗಾಳಿಯಲ್ಲಿ ಹಿಡಿದು ಒತ್ತುವವನಿಗೆ ತೋಳಿನ ಬಲ ಬಿಟ್ಟರೆ ಬೇರೇನೂ ಒದಗುವುದಿಲ್ಲ.) ಕಂಬಿ ತುಂಡಾಗಬೇಕಾದರೆ ಅದರ ಅಡ್ಡಕೊಯ್ತದ ಇಡೀ ಹರವು ಒಟ್ಟಿಗೆ ಸೋಲಬೇಕು. 10 ಮಿ.ಮೀ. ಕಂಬಿಯ ಹರವು 78.5 ಚದರ ಮಿ.ಮೀ., 16 ಮಿ.ಮೀ. ಕಂಬಿಯದು 201. ದಪ್ಪ ಹೆಚ್ಚಿದ್ದು ಒಂದೂವರೆ ಪಟ್ಟಿಗಿಂತ ತುಸು ಮೇಲೆ, ಕತ್ತರಿಸಲು ಬೇಕಾದ ಬಲ ಹೆಚ್ಚಿದ್ದು ಎರಡೂವರೆ ಪಟ್ಟು. ಆದ್ದರಿಂದಲೇ 10 ಮಿ.ಮೀ.ಗಿಂತ ತೆಳುವಾದ ಬೀಗ ಚೀಲದಲ್ಲಿ ಬಚ್ಚಿಡಬಹುದಾದ ಕಟರಿಗೂ ಸೋಲುತ್ತದೆ, 13 ಮಿ.ಮೀ. ಮಧ್ಯಮ ಗಾತ್ರದ ಕಟರನ್ನು ತಡೆಯುತ್ತದೆ, 16ರಿಂದ ಮೇಲಿನದನ್ನು ಒಂದು ಮೀಟರ್ ಉದ್ದದ ಕಟರಿನಿಂದಲೂ ತುಂಡು ಮಾಡುವುದು ಬಲು ಕಷ್ಟ.

ತಂತಿ ಹೆಣೆದು ಮೇಲೆ ಪ್ಲಾಸ್ಟಿಕ್ ಹೊದಿಸಿದ ಕೇಬಲ್ ಬೀಗ ಈ ಲೆಕ್ಕಕ್ಕೇ ಬರುವುದಿಲ್ಲ. ಹೆಬ್ಬೆರಳು ಗಾತ್ರ ಕಂಡರೂ ಅದರೊಳಗಿರುವುದು ನೂರಾರು ಸಣ್ಣ ಎಳೆಗಳು. ಎಳೆ ಎಳೆಯಾಗಿ ಕತ್ತರಿಸುತ್ತ ಹೋದರೆ ಸಣ್ಣ ಕಟಿಂಗ್ ಪ್ಲೇಯರ್ ಸಾಕು. ನಮ್ಮ ಅಂಗಡಿಗಳಲ್ಲಿ ಅಂಕಿ ತಿರುಗಿಸುವ ಇಂಥ ಕೇಬಲ್ಲುಗಳೇ ಕಣ್ಣಿಗೆ ಮೊದಲು ಬೀಳುತ್ತವೆ. ನಲವತ್ತು ಸಾವಿರದ ಸೈಕಲ್ಲನ್ನು ಅದನ್ನು ನಂಬಿ ಮೆಟ್ರೊ ನಿಲ್ದಾಣದ ಕೆಳಗೆ ನಿಲ್ಲಿಸಿ ಹೋಗುವ ಹುಡುಗರನ್ನು ಕಂಡಾಗ ನನಗೆ ನಿಜವಾಗಿ ಸಂಕಟವಾಗುತ್ತದೆ.

ದಪ್ಪವೊಂದೇ ಸಾಲದು, ಹದವೂ ಬೇಕು. ಕುಲುಮೆಯಲ್ಲಿ ಕೆಂಪಗೆ ಕಾಯಿಸಿದ ಉಕ್ಕನ್ನು ನೀರಿಗೋ ಎಣ್ಣೆಗೋ ಅದ್ದಿದರೆ ಗಡಸಾಗುತ್ತದೆ ಎಂಬುದು ಕಮ್ಮಾರರಿಗೆ ಸಾವಿರಾರು ವರ್ಷಗಳಿಂದ ಗೊತ್ತು. ಕಾದ ಉಕ್ಕಿನಲ್ಲಿ ಕರಗಿದ್ದ ಇಂಗಾಲದ ಪರಮಾಣುಗಳು ಹೊರಬರಲು ಹೊತ್ತು ಸಿಗದೆ ಕಬ್ಬಿಣದ ಜಾಲದೊಳಗೇ ಸಿಕ್ಕಿಕೊಳ್ಳುತ್ತವೆ, ಜಾಲ ಬಿಗಿದುಕೊಳ್ಳುತ್ತದೆ. ದಪ್ಪ ಕಂಬಿಯಲ್ಲಿ ಒಂದು ತೊಡಕಿದೆ. ಹೊರಮೈ ಥಟ್ಟನೆ ತಣಿಯುತ್ತದೆ, ಒಡಲು ನಿಧಾನವಾಗಿ ತಣಿಯುತ್ತದೆ, ಹೀಗೆ ನಿಧಾನವಾಗಿ ತಣಿದ ಭಾಗ ಮೆತ್ತಗೆ ಉಳಿದುಬಿಡುತ್ತದೆ. ಇದಕ್ಕೆ ಮದ್ದು ಬೋರಾನ್. ಹತ್ತು ಲಕ್ಷ ಪಾಲು ಉಕ್ಕಿಗೆ ಹತ್ತರಿಂದ ಮೂವತ್ತು ಪಾಲು ಬೋರಾನ್ ಬೆರೆತರೆ ಸಾಕು. ಮೆತ್ತನೆಯ ರಚನೆ ಮೊಳೆಯುವುದು ಉಕ್ಕಿನ ಹರಳುಗಳು ಒಂದಕ್ಕೊಂದು ತಾಗುವ ಅಂಚುಗಳಲ್ಲಿ. ಬೋರಾನ್ ಅಲ್ಲೇ ಹೋಗಿ ಕೂತು ಆ ಮೊಳಕೆಯನ್ನು ತಡೆಯುತ್ತದೆ. ಹಾಗಾಗಿ ದಪ್ಪ ಕಂಬಿ ಒಡಲ ತನಕ ಹದವಾಗುತ್ತದೆ. ಇಷ್ಟು ಕಡಿಮೆ ಪ್ರಮಾಣದಲ್ಲಿ ಇಷ್ಟು ದೊಡ್ಡ ಕೆಲಸ ಮಾಡುವ ಬೆರಕೆ ಲೋಹವಿದ್ಯೆಯಲ್ಲಿ ಅಪರೂಪ.

ಹಾಗೆಂದು ಗಡಸುತನವನ್ನು ಏರಿಸುತ್ತಲೇ ಹೋಗುವಂತಿಲ್ಲ. ಅತಿ ಗಡಸಾದದ್ದು ಪೆಡಸೂ ಆಗುತ್ತದೆ, ಸುತ್ತಿಗೆಯ ಒಂದು ಏಟಿಗೆ ಬಿರಿಯುತ್ತದೆ. ಚಳಿಯಲ್ಲಂತೂ ಸಾಮಾನ್ಯ ಉಕ್ಕು ಕೂಡ ಪೆಡಸಾಗುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕ ಕಟ್ಟಿದ ಲಿಬರ್ಟಿ ಹಡಗುಗಳಲ್ಲಿ ಹಲವು ತಣ್ಣನೆಯ ಕಡಲಲ್ಲಿ ಸೀಳಿದವು. ಆದ್ದರಿಂದ ಹೊರಮೈ ಕಟರಿನ ಹಲ್ಲನ್ನು ಮೊಂಡು ಮಾಡುವಷ್ಟು ಗಡಸಾಗಿರಬೇಕು, ಒಡಲು ಏಟು ತಿಂದು ತುಸು ಬಾಗಿ ತಾಳಿಕೊಳ್ಳುವಂತಿರಬೇಕು. ಒಳ್ಳೆಯ ಬೀಗದ ಬೆಲೆಯಲ್ಲಿ ದೊಡ್ಡ ಪಾಲು ಈ ಎರಡನ್ನೂ ಒಂದೇ ಕಂಬಿಯಲ್ಲಿ ಹೊಂದಿಸುವುದಕ್ಕೆ ತೆರುವ ಹಣ. ಹೊರನೋಟಕ್ಕೆ ಅಷ್ಟೇ ದಪ್ಪವಿರುವ ಅಗ್ಗದ ಬೀಗ ಗರಗಸದ ಬ್ಲೇಡಿಗೆ ಸೋಲುವುದೂ ಈ ಹದ ಇಲ್ಲದ್ದಕ್ಕೇ.

ಈಗ ಖಾಲಿ ಜಾಗಕ್ಕೆ ಬರೋಣ. ಒಂದು ಘನ ಸೆಂ.ಮೀ. ಉಕ್ಕು ಸುಮಾರು 7.85 ಗ್ರಾಂ ತೂಗುತ್ತದೆ. 16 ಮಿ.ಮೀ. ಕಂಬಿ ಮೀಟರಿಗೆ 1.58 ಕಿಲೊ, 18 ಮಿ.ಮೀ. ಕಂಬಿ ಮೀಟರಿಗೆ 2 ಕಿಲೊ. ದಪ್ಪ ಏರಿದಂತೆ ಬಲ ಯಾವ ಲೆಕ್ಕದಲ್ಲಿ ಏರುತ್ತದೋ ತೂಕವೂ ಅದೇ ಲೆಕ್ಕದಲ್ಲಿ ಏರುತ್ತದೆ, ಅಲ್ಲಿ ರಿಯಾಯಿತಿ ಇಲ್ಲ. ರಿಯಾಯಿತಿ ಇರುವುದು ಸುತ್ತಳತೆಯಲ್ಲಿ. ಸುತ್ತಳತೆ 60 ಸೆಂ.ಮೀ. ಇರುವ 16 ಮಿ.ಮೀ. ದಪ್ಪದ ಕಂಬಿಯ ತೂಕ ಸುಮಾರು 950 ಗ್ರಾಂ. ಸುತ್ತಳತೆಯನ್ನು 47 ಸೆಂ.ಮೀ.ಗೆ ಇಳಿಸಿ ನೋಡಿ: ಅದೇ ತೂಕಕ್ಕೆ 18 ಮಿ.ಮೀ. ಕಂಬಿ ಸಿಗುತ್ತದೆ. ಕತ್ತರಿಸಲು ಬೇಕಾದ ಬಲ ಕಾಲು ಪಾಲಿಗಿಂತ ಹೆಚ್ಚಿತು. ಬಾಗುವಿಕೆಯನ್ನು ತಡೆಯುವ ಬಲ ದಪ್ಪದ ಘನಕ್ಕೆ ತಕ್ಕಂತೆ ಏರುವುದರಿಂದ ಅದು ಶೇಕಡಾ 42ರಷ್ಟು ಹೆಚ್ಚಿತು. ಒಂದು ಗ್ರಾಂ ಕೂಡ ಹೆಚ್ಚು ಹೊರಬೇಕಾಗಿಲ್ಲ.

ಲಾಭ ಇಷ್ಟಕ್ಕೇ ನಿಲ್ಲುವುದಿಲ್ಲ. ಕಳ್ಳನಿಗೆ ಖಾಲಿ ಜಾಗವೇ ಬಂಡವಾಳ. ಅಗಲವಾದ ಯು ಒಳಗೆ ಕಾರಿನ ಜಾಕ್ ತೂರಿಸಿ ಏರಿಸಬಹುದು. ಟನ್‌ಗಟ್ಟಲೆ ಭಾರ ಎತ್ತುವ ಜಾಕಿಗೆ ಕಂಬಿಯನ್ನು ಅಗಲಿಸುವುದು ದೊಡ್ಡ ಕೆಲಸವಲ್ಲ. ಹಾರೆಯನ್ನೋ ಕೊಳವೆಯನ್ನೋ ತುರುಕಿ ತಿರುಚಬಹುದು. ಕೆಲವೊಮ್ಮೆ ಸೈಕಲ್ಲನ್ನೇ ಸನ್ನೆಯಾಗಿಸಿಕೊಂಡು ಕಂಬದ ಸುತ್ತ ತಿರುಗಿಸುತ್ತಾರೆ. ಯು ಚಿಕ್ಕದಾಗಿ, ಅದರೊಳಗೆ ಚಕ್ರ, ಫ್ರೇಮು, ಕಂಬ ಮೂರೂ ತುಂಬಿಕೊಂಡು ಬೆರಳು ತೂರದ ಹಾಗಿದ್ದರೆ ಜಾಕಿಗೆ ಜಾಗವಿಲ್ಲ, ಹಾರೆಗೆ ಆಧಾರವಿಲ್ಲ. ಬೀಗದ ಪೊಟ್ಟಣದ ಮೇಲೆ ಬರೆದಿರುವ ಒಳ ಅಳತೆ ಚಿಕ್ಕದಿದ್ದಷ್ಟೂ ಒಳ್ಳೆಯದು ಎಂದು ಹೇಳಿದರೆ ಅಂಗಡಿಯವರು ಅಚ್ಚರಿಪಡುತ್ತಾರೆ, ಗಿರಾಕಿಗಳು ದೊಡ್ಡದನ್ನೇ ಕೇಳುವುದು ರೂಢಿ.

ಚಿಕ್ಕ ಬೀಗದಲ್ಲಿ ಇಡೀ ಸೈಕಲ್ಲನ್ನು ಹಿಡಿಯುವುದು ಹೇಗೆ? ಬಾಸ್ಟನ್ ಬಳಿಯ ಮೆಕ್ಯಾನಿಕ್ ಶೆಲ್ಡನ್ ಬ್ರೌನ್ ಒಂದು ದಾರಿ ತೋರಿಸಿದರು. 2008ರಲ್ಲಿ ತೀರಿಕೊಂಡ ಈತ ಸೈಕಲ್ಲಿನ ಬಗ್ಗೆ ಬರೆದದ್ದನ್ನು ಜಗತ್ತಿನ ರಿಪೇರಿಗಾರರು ಇಂದಿಗೂ ಓದುತ್ತಾರೆ. ಸೀಟಿನ ಕೆಳಗಿನ ಕೊಳವೆ ಮತ್ತು ಹಿಂಚಕ್ರಕ್ಕೆ ಹೋಗುವ ಎರಡು ಜೋಡಿ ಕೊಳವೆಗಳು ಸೇರಿ ಒಂದು ತ್ರಿಕೋನವಾಗುತ್ತದಲ್ಲ, ಆ ತ್ರಿಕೋನದ ಒಳಗೆ ಬರುವ ರಿಮ್ಮನ್ನೂ ಟೈರನ್ನೂ ಮಾತ್ರ ಹಿಡಿದು ಕಂಬಕ್ಕೆ ಬೀಗ ಹಾಕಿ ಎಂದರು. ಫ್ರೇಮಿನ ಸುತ್ತ ಬೀಗವೇ ಇಲ್ಲದಂತೆ ಕಾಣುತ್ತದೆ. ಆದರೆ ಬೀಗ ಹಾಕಿದ ಚಕ್ರ ಆ ತ್ರಿಕೋನದಿಂದ ಹೊರಬರಲಾರದು, ಹಾಗಾಗಿ ಫ್ರೇಮಿಗೂ ಬಿಡುಗಡೆಯಿಲ್ಲ. ರಿಮ್ಮನ್ನೇ ಗರಗಸದಲ್ಲಿ ಕೊಯ್ದರೆ? ಕಡ್ಡಿಗಳೆಲ್ಲ ರಿಮ್ಮನ್ನು ಒಳಕ್ಕೆ ಎಳೆದು ಅದನ್ನು ಒತ್ತಡದಲ್ಲಿ ಇಟ್ಟಿರುತ್ತವೆ. ಕೊಯ್ಯುತ್ತ ಹೋದಂತೆ ಸೀಳು ಮುಚ್ಚಿಕೊಂಡು ಬ್ಲೇಡನ್ನು ಕಚ್ಚುತ್ತದೆ. ಕೊಯ್ದು ಮುಗಿಸಿದರೂ ಕಳ್ಳನ ಪಾಲಿಗೆ ಉಳಿಯುವುದು ಬೆಲೆಬಾಳುವ ಹಿಂಚಕ್ರ ಹಾಳಾದ ಸೈಕಲ್. ಈ ವಿಧಾನದ ತರ್ಕ ನನಗೆ ಬಹಳ ಇಷ್ಟ. ಆದರೂ ಬ್ಯಾಟರಿ ಯಂತ್ರಗಳು ಸುಲಭವಾಗಿ ಸಿಗುವ ಈ ಕಾಲದಲ್ಲಿ, ಜಾಗ ಸಿಕ್ಕರೆ ಸೀಟಿನ ಕೊಳವೆಯನ್ನೂ ಬೀಗದೊಳಕ್ಕೆ ಸೇರಿಸಿಕೊಳ್ಳುವುದು ಮೇಲು.

ಕಂಬಿ ಎಷ್ಟೇ ಬಲವಾಗಿರಲಿ, ಕೀಲಿಕೈಯ ದಾರಿ ಸುಲಭವಿದ್ದರೆ ಎಲ್ಲವೂ ವ್ಯರ್ಥ. 2004ರ ಸೆಪ್ಟೆಂಬರಿನಲ್ಲಿ ಅಮೆರಿಕದ ಸೈಕಲ್ ಸವಾರರು ಇದನ್ನು ಕಣ್ಣಾರೆ ಕಂಡರು. ಕ್ರಿಪ್ಟೊನೈಟಿನ ದಪ್ಪ ಬೀಗವನ್ನು ಬಿಕ್ ಪೆನ್ನಿನ ಪ್ಲಾಸ್ಟಿಕ್ ಕೊಳವೆಯಿಂದ ಕ್ಷಣಗಳಲ್ಲಿ ತೆಗೆಯುವ ದೃಶ್ಯ ಎಲ್ಲೆಡೆ ಹರಡಿತು. ಆ ಬೀಗಗಳಿಗೆ ಕೊಳವೆಯಾಕಾರದ ಕೀಲಿಕೈ ಇತ್ತು, ವೃತ್ತಾಕಾರದಲ್ಲಿ ಕೂತ ಪಿನ್ನುಗಳನ್ನು ಅದು ತಕ್ಕ ಆಳಕ್ಕೆ ಒತ್ತುತ್ತಿತ್ತು. ಪೆನ್ನಿನ ಕೊಳವೆ ಆ ರಂಧ್ರಕ್ಕೆ ಸರಿಯಾಗಿ ಕೂತು, ಮೆತ್ತನೆಯ ಪ್ಲಾಸ್ಟಿಕ್ಕಿನ ಮೇಲೆ ಪಿನ್ನುಗಳೇ ತಮ್ಮ ಅಚ್ಚನ್ನು ಒತ್ತಿಕೊಳ್ಳುತ್ತಿದ್ದವು. ಅಲ್ಲಾಡಿಸುತ್ತ ತಿರುಗಿಸಿದರೆ ಬೀಗ ತೆರೆಯುತ್ತಿತ್ತು. ಬ್ರಿಟನ್ನಿನ ಸೈಕಲ್ ಪತ್ರಿಕೆಯೊಂದು ಈ ದೋಷವನ್ನು 1992ರಲ್ಲೇ ಬರೆದಿತ್ತು, ಆಗ ಯಾರೂ ಕಿವಿಗೊಡಲಿಲ್ಲ. ಕಂಪನಿ ಕೊನೆಗೆ ಲಕ್ಷಗಟ್ಟಲೆ ಬೀಗಗಳನ್ನು ಪುಕ್ಕಟೆ ಬದಲಾಯಿಸಿಕೊಟ್ಟಿತು.

ಇಂದಿನ ಒಳ್ಳೆಯ ಬೀಗಗಳಲ್ಲಿ ಹೆಚ್ಚಾಗಿ ಇರುವುದು ಬಿಲ್ಲೆಗಳ ಯಂತ್ರ. ಫಿನ್ಲೆಂಡಿನ ಎಮಿಲ್ ಹೆನ್ರಿಕ್‌ಸನ್ 1907ರಲ್ಲಿ ರೂಪಿಸಿದ್ದು. ಕೀಲಿಕೈಯ ಓರೆಯಾದ ಕಚ್ಚುಗಳು ಒಂದೊಂದು ಬಿಲ್ಲೆಯನ್ನೂ ಒಂದೊಂದು ಕೋನಕ್ಕೆ ತಿರುಗಿಸುತ್ತವೆ. ಎಲ್ಲ ಬಿಲ್ಲೆಗಳ ಸೀಳುಗಳು ಒಂದೇ ಸಾಲಿಗೆ ಬಂದಾಗ ಮಾತ್ರ ಪಕ್ಕದಲ್ಲಿರುವ ಸಣ್ಣ ಸರಳು ಅವುಗಳೊಳಗೆ ಬಿದ್ದು ಬೀಗ ತೆರೆಯುತ್ತದೆ. ಪಿನ್ನುಗಳ ಬೀಗದಲ್ಲಿರುವಂಥ ಸ್ಪ್ರಿಂಗುಗಳು ಇದರಲ್ಲಿಲ್ಲ. ಬೇಸಿಗೆಯ ದೂಳು, ಮುಂಗಾರಿನ ಕೆಸರು ಎರಡನ್ನೂ ಕಾಣುವ ನಮ್ಮ ರಸ್ತೆಗಳಿಗೆ ಇದು ದೊಡ್ಡ ಅನುಕೂಲ.

ಇದೇ ಭಾಗದಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿ, ಯು ಕಂಬಿಯ ಎರಡು ಕಾಲುಗಳನ್ನೂ ಅಡ್ಡಪಟ್ಟಿ ಹಿಡಿದಿದೆಯೇ ಎಂಬುದು. ಒಂದೇ ಕಾಲಿಗೆ ಚಿಲಕವಿದ್ದರೆ ಕಂಬಿಯನ್ನು ಒಂದು ಕಡೆ ಕತ್ತರಿಸಿ ತಿರುಗಿಸಿದರೆ ಮುಗಿಯಿತು. ಎರಡೂ ಕಾಲಿಗೆ ಚಿಲಕವಿದ್ದರೆ ಎರಡು ಕಡೆ ಕತ್ತರಿಸಬೇಕು. ಕಳ್ಳ ಕಳೆಯಬೇಕಾದ ಹೊತ್ತು ಇಮ್ಮಡಿಯಾಯಿತು.

ಹೊತ್ತು ಎಂದೊಡನೆ ಗ್ರೈಂಡರಿನ ಮಾತು ಬರುತ್ತದೆ. ಇಲ್ಲಿಯವರೆಗಿನ ಲೆಕ್ಕಗಳನ್ನೆಲ್ಲ ಅದು ಬುಡಮೇಲು ಮಾಡಿದೆ. ವೆಲ್ಡಿಂಗ್ ಅಂಗಡಿಯಲ್ಲಿ ಕಿಡಿ ಹಾರಿಸುವ ಯಂತ್ರವೇ ಇದು, ಈಗ ಲಿಥಿಯಂ ಬ್ಯಾಟರಿಯಿಂದಾಗಿ ಹೆಗಲ ಚೀಲದಲ್ಲಿ ಹಿಡಿಯುತ್ತದೆ. 115 ಮಿ.ಮೀ. ಡಿಸ್ಕು ನಿಮಿಷಕ್ಕೆ 8,500 ಸುತ್ತು ತಿರುಗಿದರೆ ಅದರ ಅಂಚು ಗಂಟೆಗೆ ಸುಮಾರು 180 ಕಿ.ಮೀ. ವೇಗದಲ್ಲಿ ಓಡುತ್ತಿರುತ್ತದೆ. ಅಂಚಿನಲ್ಲಿರುವ ಅಲ್ಯೂಮಿನಿಯಂ ಆಕ್ಸೈಡಿನ ಹರಳುಗಳು ಹದ ಮಾಡಿದ ಉಕ್ಕಿಗಿಂತ ಎರಡೂವರೆ ಪಟ್ಟಿಗೂ ಹೆಚ್ಚು ಗಡಸು. ಬೋಲ್ಟ್ ಕಟರಿಗೆ ಇಡೀ ಹರವನ್ನು ಒಮ್ಮೆಗೇ ಸೋಲಿಸಬೇಕಿತ್ತು, ಡಿಸ್ಕಿಗೆ ಆ ಹಂಗಿಲ್ಲ. ಅದು ಕಣಕಣವಾಗಿ ಕೆರೆದು ತೆಗೆಯುತ್ತದೆ. ಒಂದು ಮಿ.ಮೀ. ದಪ್ಪದ ಡಿಸ್ಕು 16 ಮಿ.ಮೀ. ಕಂಬಿಯನ್ನು ದಾಟಲು ತೆಗೆಯಬೇಕಾದ ಉಕ್ಕು ಬರೀ 0.2 ಘನ ಸೆಂ.ಮೀ. ಒಂದು ನಿಮಿಷದೊಳಗಿನ ಕೆಲಸ. ದಪ್ಪ ಹೆಚ್ಚಿಸುತ್ತ ಹೋದರೆ ಕೆಲವು ಸೆಕೆಂಡು ಸಿಗಬಹುದು, ಆದರೆ ಅಂಥ ಬೀಗವನ್ನು ಹೊರುವವರು ಯಾರು?

ಇದಕ್ಕೆ ಉತ್ತರ ಉಕ್ಕಿನಾಚೆ ಸಿಕ್ಕಿತು. ಬ್ರಿಟನ್ನಿನ ಡರಮ್ ವಿಶ್ವವಿದ್ಯಾಲಯದ ಸ್ಟೆಫಾನ್ ಷಿನಿಷೆವ್‌ಸ್ಕಿ ಮತ್ತು ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆಯ ಸಂಗಡಿಗರು 2020ರಲ್ಲಿ ಪ್ರೋಟಿಯಸ್ ಎಂಬ ವಸ್ತುವನ್ನು ಪ್ರಕಟಿಸಿದರು. ನೊರೆಯ ಹಾಗೆ ಉಬ್ಬಿಸಿದ ಅಲ್ಯೂಮಿನಿಯಮ್ಮಿನೊಳಗೆ ಅಲ್ಯೂಮಿನಾ ಪಿಂಗಾಣಿಯ ಗುಂಡುಗಳನ್ನು ಹುದುಗಿಸಿ ಮಾಡಿದ್ದು. ಉಕ್ಕಿನ ಸಾಂದ್ರತೆಯ ಶೇಕಡಾ 15ರಷ್ಟೇ ಇದರದು. ಗ್ರೇಪ್‌ಫ್ರೂಟ್ ಹಣ್ಣಿನ ದಪ್ಪ ಸಿಪ್ಪೆ, ಅಬಲೋನಿ ಎಂಬ ಕಡಲಜೀವಿಯ ಚಿಪ್ಪು ಇವುಗಳ ರಚನೆ ಅವರಿಗೆ ದಾರಿ ತೋರಿಸಿತ್ತು. ಡಿಸ್ಕು ಗುಂಡಿಗೆ ತಾಗಿದ ಕೂಡಲೇ ಗುಂಡು ಅದುರತೊಡಗುತ್ತದೆ, ಆ ಅದುರು ಡಿಸ್ಕಿನ ಅಂಚನ್ನು ಮೊಂಡು ಮಾಡುತ್ತದೆ. ಗುಂಡಿನಿಂದ ಉದುರಿದ ನುಣ್ಣನೆಯ ಪುಡಿ ಡಿಸ್ಕನ್ನೇ ಸವೆಸುತ್ತದೆ. ಡಿಸ್ಕಿನ ವೇಗ ಹೆಚ್ಚಿದಷ್ಟೂ ತಡೆ ಹೆಚ್ಚು. ಶತ್ರುವಿನ ಶಕ್ತಿಯನ್ನೇ ಶತ್ರುವಿಗೆ ತಿರುಗಿಸುವ ಈ ಉಪಾಯ ನನ್ನನ್ನು ಬೆರಗುಗೊಳಿಸಿದೆ.

ಅದರ ಬೆನ್ನಲ್ಲೇ ಹಿಪ್‌ಲಾಕ್ ಎಂಬ ಬ್ರಿಟಿಷ್ ಕಂಪನಿ 2021ರಲ್ಲಿ ಡಿ1000 ಎಂಬ ಯು-ಲಾಕನ್ನು ತಂದಿತು. ಅದರ ಹೊರಕವಚ ಬೇರೆ ಬಗೆಯ ಮಿಶ್ರವಸ್ತು, ಗುರಿ ಮಾತ್ರ ಅದೇ: ಡಿಸ್ಕನ್ನು ತಿಂದುಹಾಕುವುದು. ಲೈಟ್‌ಲಾಕ್ ಕಂಪನಿಯ ಎಕ್ಸ್1 ಕೂಡ ಇದೇ ದಾರಿಯದು. ಇವು ಅಭೇದ್ಯವಲ್ಲ. ಡಿಸ್ಕಿನ ಮೇಲೆ ಡಿಸ್ಕು ಸವೆಯುತ್ತವೆ, ಬ್ಯಾಟರಿ ಬರಿದಾಗುತ್ತದೆ, ಕಿಡಿ ಮತ್ತು ಸದ್ದು ನಿಮಿಷಗಟ್ಟಲೆ ನಡೆಯುತ್ತವೆ. ತೂಕ ಹತ್ತಿರ ಹತ್ತಿರ ಎರಡು ಕಿಲೊ, ಬೆಲೆ ಸಾಮಾನ್ಯ ಯು-ಲಾಕಿನ ಕೆಲವು ಪಟ್ಟು. ಲಂಡನ್ನಿನಲ್ಲಿ ಕೆಲಸಕ್ಕಿರುವ ನಮ್ಮವರಿಗೆ ಇದು ಬೇಕಾದೀತು. ಮೈಸೂರಿನ ಮಾರುಕಟ್ಟೆಗೆ ಹೋಗಿಬರಲು 13 ಮಿ.ಮೀ. ಯು-ಲಾಕ್ ಸಾಕೆಂದು ನನ್ನ ಎಣಿಕೆ. ಬೀಗದ ಮೇಲೆ ಬ್ರಿಟನ್ನಿನ ಸೋಲ್ಡ್ ಸೆಕ್ಯೂರ್ ಅಥವಾ ನೆದರ್ಲೆಂಡ್ಸಿನ ಎಆರ್‌ಟಿ ಸಂಸ್ಥೆಯ ಗುರುತಿದೆಯೇ ನೋಡಿ. ಅವರು ಕಳ್ಳರ ಉಪಕರಣಗಳನ್ನೇ ಹಿಡಿದು, ಗಡಿಯಾರ ಇಟ್ಟುಕೊಂಡು ಬೀಗಗಳನ್ನು ಪರೀಕ್ಷಿಸುತ್ತಾರೆ. ತಯಾರಕರೇ ಹಾಕಿಕೊಂಡ ‘ಹತ್ತಕ್ಕೆ ಒಂಬತ್ತು’ ಎಂಬ ಅಂಕಕ್ಕೆ ಆ ಬೆಲೆಯಿಲ್ಲ.

ಸರಪಳಿಯ ಪರವಾಗಿಯೂ ಒಂದು ಮಾತು ಇದೆ. ಯು ಹಿಡಿಯದ ದಪ್ಪ ಕಂಬ, ಮರ, ಎರಡು ಸೈಕಲ್ಲು, ಇವನ್ನೆಲ್ಲ ಸರಪಳಿ ಸುತ್ತುತ್ತದೆ, ಜಾಕಿಗೂ ಅದು ಸಿಕ್ಕುವುದಿಲ್ಲ. ಆದರೆ ಕೊಂಡಿಯೊಳಗೆ ಕೊಂಡಿ ಮಡಚಿಕೊಂಡಿರುವುದರಿಂದ ಒಂದು ಮೀಟರ್ ಸರಪಳಿಗೆ ಅದರ ಮೂರೂವರೆ ಪಟ್ಟು ಉದ್ದದ ಕಂಬಿ ಬೇಕು. 14 ಮಿ.ಮೀ. ಕೊಂಡಿಯ ಸರಪಳಿ ಮೀಟರಿಗೆ ನಾಲ್ಕು ಕಿಲೊ ಮೀರುತ್ತದೆ.

ಈಗ ಹೊರುವ ಪ್ರಶ್ನೆ. ‘ಎರಡು ಕಿಲೊ ಬೀಗ ಹೊತ್ತು ಯಾರು ತುಳಿಯುತ್ತಾರೆ?’ ಎಂಬ ಮಾತನ್ನು ಲೆಕ್ಕಕ್ಕೆ ಒಡ್ಡೋಣ. ಮೈಸೂರಿನಿಂದ ಚಾಮುಂಡಿ ಬೆಟ್ಟದ ತುದಿ ಸುಮಾರು 300 ಮೀಟರ್ ಎತ್ತರ. ಎರಡು ಕಿಲೊವನ್ನು ಅಷ್ಟು ಎತ್ತಲು ಬೇಕಾದ ಶಕ್ತಿ 5,880 ಜೂಲ್, ಅಂದರೆ 1.4 ಕಿಲೊ ಕ್ಯಾಲೊರಿ. ನಮ್ಮ ಸ್ನಾಯುಗಳು ತಿಂದದ್ದರಲ್ಲಿ ಕಾಲು ಪಾಲಿಗಿಂತ ತುಸು ಕಡಿಮೆಯನ್ನಷ್ಟೇ ಕೆಲಸವಾಗಿ ಮಾರ್ಪಡಿಸುತ್ತವೆ ಎಂದಿಟ್ಟುಕೊಂಡರೂ ಖರ್ಚು ಆರು ಕಿಲೊ ಕ್ಯಾಲೊರಿ: ಒಂದೂವರೆ ಗ್ರಾಂ ಸಕ್ಕರೆ. ಸಪಾಟು ರಸ್ತೆಯಲ್ಲಿ ಹತ್ತು ಕಿ.ಮೀ. ತುಳಿದರೆ ಆ ತೂಕಕ್ಕಾಗಿ ಟೈರುಗಳು ಹೆಚ್ಚಿಗೆ ಕೇಳುವುದು ಸಾವಿರದಿನ್ನೂರು ಜೂಲ್ ಮಾತ್ರ. ಸಿಗ್ನಲ್ಲಿನಲ್ಲಿ ನಿಂತು ಮತ್ತೆ ಗಂಟೆಗೆ 20 ಕಿ.ಮೀ. ವೇಗಕ್ಕೆ ಏರಲು ಪ್ರತಿ ಸಲ 31 ಜೂಲ್. ಕಾಲಿಗೆ ಈ ಭಾರ ಗೊತ್ತಾಗುವುದೇ ಇಲ್ಲ.

ಗೊತ್ತಾಗುವುದು ಬೆನ್ನಿಗೆ, ಹೆಗಲಿಗೆ. ಬೆನ್ನ ಚೀಲದೊಳಗೆ ಬೀಗ ಹಾಕಿಕೊಂಡು ಬಿದ್ದರೆ ಉಕ್ಕು ನೇರ ಬೆನ್ನುಹುರಿಯ ಮೇಲೆ ಒತ್ತುತ್ತದೆ. ಹಾಗೆ ಹೊರಿ ಎಂದು ನಾನು ಯಾರಿಗೂ ಹೇಳಲಾರೆ. ಸರಪಳಿಯನ್ನು ಸೊಂಟಕ್ಕೆ ಸುತ್ತಿಕೊಳ್ಳುವವರಿದ್ದಾರೆ. ಭಾರ ಮೈಯ ಗುರುತ್ವಕೇಂದ್ರದ ಹತ್ತಿರವೇ ಇರುವುದರಿಂದ ತೂಗಾಟ ಕಡಿಮೆ, ಆದರೆ ಅದನ್ನು ಬೀಗ ಹಾಕಿ ಕಟ್ಟಿಕೊಳ್ಳಬಾರದು, ಅಪಘಾತದಲ್ಲಿ ಬಿಡಿಸಲು ಆಗದು. ಎಲ್ಲಕ್ಕಿಂತ ಅಪಾಯದ್ದು ಹ್ಯಾಂಡಲ್ಲಿಗೆ ನೇತುಹಾಕುವುದು. ಮೂರು ಕಿಲೊ ಸರಪಳಿ ತಿರುಗುವ ಅಕ್ಷದಿಂದ 25 ಸೆಂ.ಮೀ. ದೂರದಲ್ಲಿದ್ದರೆ ಹ್ಯಾಂಡಲ್ ಮತ್ತು ಮುಂಚಕ್ರದ ತಿರುಗುಜಡತೆ ಎರಡು ಪಟ್ಟಿಗೂ ಮೀರುತ್ತದೆ. ಗುಂಡಿ ತಪ್ಪಿಸಲು ಹೊರಳಿಸಿದಾಗ ಸೈಕಲ್ ತಡವಾಗಿ ಹೊರಳುತ್ತದೆ, ಹೊರಳಿದ ಮೇಲೆ ತಡವಾಗಿ ಹಿಂತಿರುಗುತ್ತದೆ. ತುದಿ ಜಾರಿ ಕಡ್ಡಿಗಳಿಗೆ ಸಿಕ್ಕಿದರಂತೂ ಸವಾರ ಮುಗುಚಿ ಬೀಳುತ್ತಾನೆ.

ಬೀಗವನ್ನು ಹೊರಬೇಕಾದದ್ದು ಸೈಕಲ್ಲೇ. ಫ್ರೇಮಿನ ನಡುವಿನ ತ್ರಿಕೋನದಲ್ಲಿ ಕ್ಲಾಂಪಿಗೆ ಸಿಕ್ಕಿಸಿದ ಚಿಕ್ಕ ಯು-ಲಾಕ್ ಇಲ್ಲವೇ ಇಲ್ಲ ಎನ್ನುವಷ್ಟು ಹಗುರ. ಪ್ಲಾಸ್ಟಿಕ್ ಕ್ಲಾಂಪುಗಳು ನಮ್ಮ ರಸ್ತೆಯ ಅದುರಾಟಕ್ಕೆ ದಣಿದು ಬಿರುಕು ಬಿಡುತ್ತವೆ, ಆಗಾಗ ನೋಡಿಕೊಳ್ಳಿ. ಕ್ಯಾರಿಯರ್ ಇದ್ದರೆ ಅದರ ಸ್ಪ್ರಿಂಗ್ ಹಿಡಿಯಡಿ ಬೀಗ ಇಟ್ಟು, ಹಳೆಯ ಟ್ಯೂಬಿನ ಪಟ್ಟಿಯಿಂದ ಎರಡು ಸುತ್ತು ಬಿಗಿದರೆ ಸದ್ದೂ ಇರುವುದಿಲ್ಲ, ಜಾರುವುದೂ ಇಲ್ಲ. ಹಿಂಚಕ್ರದ ಕಡ್ಡಿಗಳ ನಡುವೆ ತೂರುವ ನಮ್ಮ ಹಳೆಯ ಸೈಕಲ್ ಬೀಗವನ್ನು ಯಾರೂ ಎಲ್ಲಿಗೂ ಹೊರಬೇಕಾಗಿರಲಿಲ್ಲ, ಅದು ಫ್ರೇಮಿಗೇ ಅಂಟಿಕೊಂಡಿತ್ತು. ಇಪ್ಪತ್ತು ಕಿಲೊ ತೂಗುವ ಸೈಕಲ್ಲನ್ನು ಹೊತ್ತೊಯ್ಯುವುದು ಸುಲಭವಲ್ಲದ ಕಾಲಕ್ಕೆ ಅದು ಸಾಕಾಗಿತ್ತು. ಹತ್ತು ಕಿಲೊದ ಇಂದಿನ ಸೈಕಲ್ಲನ್ನು ಒಂದೇ ಕೈಯಲ್ಲಿ ಎತ್ತಿಕೊಂಡು ಹೋಗಬಹುದು. ಆದರೂ ಆ ಬೀಗವನ್ನು ಕಿತ್ತೆಸೆಯಬೇಡಿ. ಸೈಕಲ್ಲುಗಳ ನಾಡಾದ ನೆದರ್ಲೆಂಡ್ಸಿನಲ್ಲಿ ಇವತ್ತಿಗೂ ಅದೇ ಬಗೆಯ ಚಕ್ರದ ಬೀಗ, ಜೊತೆಗೆ ಕಂಬಕ್ಕೆ ಕಟ್ಟುವ ಸರಪಳಿ, ಇವೆರಡೂ ಸೇರಿಯೇ ರೂಢಿಯಲ್ಲಿವೆ.

ದಿನವೂ ಒಂದೇ ಜಾಗದಲ್ಲಿ ನಿಲ್ಲಿಸುವವರಿಗೆ ಇನ್ನೂ ಸುಲಭ: ಐದು ಕಿಲೊದ ಸರಪಳಿಯನ್ನು ಕಚೇರಿಯ ಕಂಬಕ್ಕೇ ಬಿಟ್ಟುಬನ್ನಿ, ಚಿಕ್ಕ ಯು-ಲಾಕ್ ಮಾತ್ರ ಜೊತೆಗಿರಲಿ. ಬೀಗ ಹಾಕುವಾಗ ಕೀಲಿಕೈಯ ರಂಧ್ರ ನೆಲದ ಕಡೆ ಇರಲಿ, ಮಳೆನೀರು ಇಳಿಯುವುದಿಲ್ಲ. ಬಿಲ್ಲೆ ಬೀಗದ ಕೀಲಿಕೈಯನ್ನು ಬೀದಿಬದಿಯ ಕೀ ಮಾಡುವವರು ಕೆತ್ತಿಕೊಡುವುದು ಕಷ್ಟ. ಅದರ ಜೊತೆ ಬರುವ ಸಂಖ್ಯೆಯನ್ನು ಮನೆಯ ಪುಸ್ತಕವೊಂದರಲ್ಲಿ ಬರೆದಿಟ್ಟರೆ, ಕೀಲಿಕೈ ಕಳೆದ ದಿನ ಆ ಸಂಖ್ಯೆ ಕಳಿಸಿ ಹೊಸದನ್ನು ತರಿಸಿಕೊಳ್ಳಬಹುದು.